ಮಗಳ ಹೆಸರಲ್ಲಿ 20 ವರ್ಷಕ್ಕೆ ಚಿನ್ನ ತಗೊಳ್ಳೋದಾ, ಬೇರೆ ಕಡೆ ಹಾಕೋದಾ? ಅನುಭವ ಇರೋರು ಹೇಳಿ

ತುಮಕೂರಿನ_ಅಪ್ಪ

ನಮಸ್ಕಾರ ಎಲ್ರಿಗೂ. ಮಗಳಿಗೆ ಮೊನ್ನೆ ನಾಲ್ಕು ತುಂಬ್ತು. ತಿಂಗಳಿಗೆ ಹತ್ತು ಸಾವಿರ ಅವಳಿಗೆ ಅಂತ ತೆಗೆದಿಡೋಣ, ಇಪ್ಪತ್ತು ವರ್ಷ ಮುಟ್ಟೋದು ಬೇಡ ಅಂತ ನಾನೂ ನನ್ನ ಹೆಂಡ್ತೀನೂ ಮಾತಾಡ್ಕೊಂಡಿದೀವಿ. ಎಲ್ಲಿ ಹಾಕೋದು ಅನ್ನೋದ್ರಲ್ಲಿ ಮಾತ್ರ ಮನೇಲಿ ಒಂದು ವಾರದಿಂದ ಒಮ್ಮತ ಆಗ್ತಿಲ್ಲ.

ಅಮ್ಮ ಹೇಳೋದು ಚಿನ್ನ ತಗೋ, ಕಣ್ಣು ಮುಚ್ಕೊಂಡು ತಗೋ. 2016ರಲ್ಲಿ ನಮ್ಮ ಮದುವೆಗೆ ತಗೊಂಡಾಗ ಹತ್ತು ಗ್ರಾಂಗೆ ಇಪ್ಪತ್ತೆಂಟು ಇಪ್ಪತ್ತೊಂಬತ್ತು ಸಾವಿರ ಇತ್ತು, ಆಗಲೇ ಎಲ್ರೂ ದುಬಾರಿ ಅಂತಿದ್ರು, 2025ರ ಏಪ್ರಿಲ್‌ನಲ್ಲಿ ಲಕ್ಷ ಮುಟ್ತು, ಇದಕ್ಕಿಂತ ಇನ್ನೇನು ಬೇಕು ಅಂತ ಅವರ ವಾದ. ಹೆಂಡ್ತಿ ಪೋಸ್ಟ್ ಆಫೀಸಲ್ಲಿ ಸುಕನ್ಯಾ ಸಮೃದ್ಧಿ ಮಾಡ್ಸು ಅಂತಾಳೆ. ಆಫೀಸಲ್ಲಿ ಎಲ್ರೂ ಇಂಡೆಕ್ಸ್ ಫಂಡ್ (ಸೆನ್ಸೆಕ್ಸ್ ಥರದ ಸೂಚ್ಯಂಕದಲ್ಲಿರೋ ಷೇರುಗಳನ್ನೇ ಕೊಳ್ಳೋ ಫಂಡ್) ಬಿಟ್ಟು ಬೇರೆ ಮಾತೇ ಇಲ್ಲ. ಭಾವ ಮಾತ್ರ ಶಿರಾ ರೋಡಲ್ಲಿ ಒಂದು ಸೈಟಿದೆ ಬಾ ಅಂತಿದಾರೆ.

ನಂಗೆ ನಿಜವಾಗ್ಲೂ ಗೊತ್ತಾಗ್ತಿಲ್ಲ. ಚಿನ್ನ ತಗೊಂಡ್ರೆ ಒಡವೆ ಮಾಡ್ಸಿ ಇಡೋದಾ, ಕಾಯಿನ್ನಾ? ಲಾಂಗ್ ಟರ್ಮಲ್ಲಿ ಇದು ಷೇರು, ಎಫ್‌ಡಿ, ಸೈಟಿಗೆ ಹೋಲಿಸಿದ್ರೆ ಹೆಂಗೆ? ಸ್ವಂತ ದುಡ್ಡು ಹಾಕಿ ನೋಡಿರೋರು ಹೇಳಿದ್ರೆ ತುಂಬಾ ಉಪಕಾರ ಆಗುತ್ತೆ.

ಇಂಡೆಕ್ಸ್_ನಂಬಿದವ

ನಿಮ್ಮ ಆಫೀಸಿನವರ ಪಾರ್ಟೀನೇ ನಾನು, ಆದ್ರೂ ಲೆಕ್ಕ ಇದ್ದಂಗೆ ಹೇಳ್ತೀನಿ. ಚಿನ್ನ ಒಳ್ಳೇದಾ ಷೇರು ಒಳ್ಳೇದಾ ಅನ್ನೋ ಪ್ರಶ್ನೆಗೆ ಉತ್ತರ ಬರೋದು ನೀವು ಯಾವ ವರ್ಷದಿಂದ ಯಾವ ವರ್ಷದವರೆಗೆ ಗೆರೆ ಎಳೀತೀರ ಅನ್ನೋದ್ರ ಮೇಲೆ, ಇದನ್ನ ಮೊದ್ಲು ತಲೇಲಿಟ್ಕೊಳಿ.

2000ದಲ್ಲಿ ಹತ್ತು ಗ್ರಾಂ ಸುಮಾರು 4,400 ಇತ್ತು, 2025ರಲ್ಲಿ ಒಂದು ಲಕ್ಷ. ಹತ್ರ ಹತ್ರ 23 ಪಟ್ಟು, ವರ್ಷಕ್ಕೆ 13% ಚಿಲ್ಲರೆ. ಸೆನ್ಸೆಕ್ಸ್ 2000ದ ಶುರುವಲ್ಲಿ 5,000 ಆಸುಪಾಸು, 2025ರ ಏಪ್ರಿಲ್‌ನಲ್ಲಿ 80,000 ಆಸುಪಾಸು, ಅಂದ್ರೆ 16 ಪಟ್ಟು. ವರ್ಷಕ್ಕೆ 11.7%, ಅದಕ್ಕೆ ಡಿವಿಡೆಂಡ್ ಸೇರಿಸಿದ್ರೆ ಅದೂ 13%ಗೇ ಬಂದು ನಿಲ್ಲುತ್ತೆ. ಸಮ ಸಮ. ನಿಮ್ಮ ಅಮ್ಮ ಹೇಳೋದು ಸುಳ್ಳಲ್ಲ.

ಆದ್ರೆ 2000 ಅನ್ನೋದು ಚಿನ್ನಕ್ಕೆ ಪಾತಾಳದ ಕಾಲ, ಷೇರಿಗೆ ಐಟಿ ಜ್ವರ ನೆತ್ತಿಗೇರಿದ್ದ ಕಾಲ. ಗೆರೆಯನ್ನ ಅಲ್ಲಿಂದ ಹತ್ತು ವರ್ಷ ಹಿಂದಕ್ಕೆ ಜರುಗಿಸಿ. 1990ರಲ್ಲಿ ಚಿನ್ನ ಸುಮಾರು 3,200, 2000ದಲ್ಲಿ 4,400. ಹತ್ತು ವರ್ಷಕ್ಕೆ ವರ್ಷಕ್ಕೆ 3.2%. ಆ ಹತ್ತೂ ವರ್ಷ ಪಿಪಿಎಫ್, ಅಂದ್ರೆ ಸರ್ಕಾರದ ಉಳಿತಾಯ ಖಾತೆ, ಸುಮ್ನೆ ಕೂತು 12% ಕೊಡ್ತಿತ್ತು! ಆಗ ಮಗಳಿಗೆ ಅಂತ ಚಿನ್ನ ತಗೊಂಡೋರಿಗೆ ಹಣದುಬ್ಬರದಷ್ಟೂ ಸಿಗಲಿಲ್ಲ.

ಗದಗಿನ_ಮಾಸ್ತರ

ಮ್ಯಾಲಿನವರು ಹೇಳಿದ್ದು ಖರೇ ಅದ. ನನ್ನ ಕಥಿ ಹೇಳ್ತೀನಿ ನೋಡ್ರಿ. ನಾ ಹೈಸ್ಕೂಲ್ ಮಾಸ್ತರಾಗಿದ್ದೆ, ಈಗ ರಿಟೈರ್ ಆಗೇನಿ. 2012ರಾಗ ಪೇಪರ್ ತಗದ್ರ ಬಂಗಾರದ್ದ ಸುದ್ದಿ, ಹತ್ತು ಗ್ರಾಂ 31,000, ಇನ್ನ ಎರಡು ವರ್ಷದಾಗ ಡಬಲ್ ಆಗ್ತೈತಿ ಅಂತ ಎಲ್ಲಾರೂ ಅನ್ನಾವ್ರ. ಎಲ್‌ಐಸಿ ಪಾಲಿಸಿ ಮುಗದು ರೊಕ್ಕ ಬಂದಿತ್ತು, ಅಷ್ಟೂ ಒಯ್ದು ಬಂಗಾರಕ್ಕ ಹಾಕಿದ್ನಿ. 2015ರಾಗ 26,000ಕ್ಕ ಬಂತ್ರೀ. 2018ರಾಗ ಮಗನ ಇಂಜಿನಿಯರಿಂಗ್ ಸೀಟಿಗೆ ರೊಕ್ಕ ಬೇಕಾತು, ಆವಾಗ ರೇಟ್ ಎಷ್ಟು ಅಂತೀರಿ? ಅದ 31,000! ಆರು ವರ್ಷ ಇಟ್ಟು ಇಟ್ಟಷ್ಟ ತಗದೆ, ಅದೂ ಮಜೂರಿ ಕಳದು, ಲುಕ್ಸಾನಿನೊಳಗ. ಬ್ಯಾಂಕಿನಾಗ ಎಫ್‌ಡಿ ಇಟ್ಟಿದ್ರ ಆವಾಗ 9% ಹತ್ರ ಸಿಗ್ತಿತ್ತು.

ಆ ಬಂಗಾರ ಇವತ್ತಿನ ತನಕ ಇಟ್ಟಿದ್ರ ಅಂತ ನೀವ ಅಂತೀರಿ, ನಂಗೂ ಗೊತ್ತದ. ಆದ್ರ ಕಾಲೇಜಿನ ಫೀ ಕಟ್ಟು ತಾರೀಖು ಬಂಗಾರದ ರೇಟ್ ನೋಡಿ ಬರೂದಿಲ್ಲ್ರೀ. ಇಪ್ಪತ್ತು ವರ್ಷಕ್ಕ ಇಡ್ತೀನಿ ಅಂತೀರಲ್ಲ, ಇಪ್ಪತ್ತನೇ ವರ್ಷ ಇಂಥಾ ಸುಸ್ತ ಕಾಲದಾಗ ಬಂದ್ರ ಏನ್ ಮಾಡ್ತೀರಿ ಅನ್ನೂದನ್ನ ಈಗ ವಿಚಾರ ಮಾಡ್ರಿ.

ಚಿಕ್ಕಪೇಟೆ_ಕೆಲಸಗಾರ

ನಮ್ಮದು ಅಕ್ಕಸಾಲಿಗರ ಮನೆ. ತಾತ, ಅಪ್ಪ, ಈಗ ನಾನು, ನಗರ್ತಪೇಟೆ ಗಲ್ಲೀಲಿ ಕೆಲಸ. ಚಿನ್ನ ನಮಗೆ ಅನ್ನ ಕೊಟ್ಟಿದೆ, ಅದರ ಬಗ್ಗೆ ಹಗುರವಾಗಿ ಮಾತಾಡೋನಲ್ಲ ನಾನು, ಆದ್ರೂ ಈ ಮಾತು ಹೇಳ್ಲೇಬೇಕು, ಒಡವೆ ಬೇರೆ, ಚಿನ್ನ ಬೇರೆ. ಇದೊಂದು ಗೊತ್ತಿಲ್ದೆ ಜನ ಕಳ್ಕೊಳ್ಳೋ ದುಡ್ಡು ನೋಡಿ ನೋಡಿ ಹೊಟ್ಟೆ ಉರಿಯುತ್ತೆ.

ಲೆಕ್ಕ ಹಾಕಿ. ಸುಲಭಕ್ಕೆ 22 ಕ್ಯಾರೆಟ್ ಗ್ರಾಂಗೆ 9,000 ಅಂತ ಇಟ್ಕೊಳಿ. ಇಪ್ಪತ್ತು ಗ್ರಾಂ ಸರ, 1,80,000. ಮಜೂರಿ ವೇಸ್ಟೇಜು ಸೇರಿ 12% ಅಂದ್ರೆ 21,600. ಒಟ್ಟಿನ ಮೇಲೆ 3% ಜಿಎಸ್‌ಟಿ, 6,048. ನಿಮ್ಮ ಜೇಬಿಂದ ಹೋಗಿದ್ದು 2,07,648. ಅದೇ ಸಂಜೆ ಬೇರೆ ಅಂಗಡೀಲಿ ಮಾರೋಕೆ ಹೋಗಿ, ಮಜೂರಿ ವಾಪಸ್ ಇಲ್ಲ, ತೆರಿಗೆ ವಾಪಸ್ ಇಲ್ಲ, ಕರಗಿಸೋ ಲಾಸ್ ಅಂತ 3% ಹಿಡಿದ್ರೆ ಕೈಗೆ ಬರೋದು 1,74,600. ಬೆಳಿಗ್ಗೆಯಿಂದ ಸಂಜೆಗೆ 33,000 ಹೋಯ್ತು. ಚಿನ್ನದ ರೇಟು 19% ಏರಿದ ಮೇಲೆ ನೀವು ಹಾಕಿದ ದುಡ್ಡಷ್ಟು ವಾಪಸ್ ಆಗುತ್ತೆ, ಲಾಭ ಶುರುವಾಗೋದು ಆಮೇಲೆ. ಮತ್ತೆ 12% ಅನ್ನೋದು ಸಾದಾ ಸರಕ್ಕೆ, ಟೆಂಪಲ್ ವರ್ಕು ನಕಾಸಿ ಅಂದ್ರೆ 20%, 25% ಕೂಡ ಇದೆ.

ಇನ್ನೊಂದು ನಾನೇ ಕಣ್ಣಾರೆ ಕಂಡಿದ್ದು. ವಯಸ್ಸಾದ ಹೆಂಗಸು, ಮೊಮ್ಮಗನ ಆಪರೇಷನ್ನಿಗೆ ಅಂತ ಕಲ್ಲಿನ ನೆಕ್ಲೆಸ್ ತಂದಿದ್ರು. ಹಳೇ ಬಿಲ್ಲನ್ನ ಪ್ಲಾಸ್ಟಿಕ್ ಕವರಲ್ಲಿ ಮಡಚಿ ಇಟ್ಕೊಂಡಿದ್ರು, ಅದ್ರಲ್ಲಿ 42 ಗ್ರಾಂ ಅಂತ ಬರ್ದಿತ್ತು. ಕಲ್ಲು ಬಿಡಿಸಿ, ಹಿಂದಿನ ಅರಗು ತೆಗೆದು ತಕ್ಕಡೀಲಿ ಇಟ್ರೆ 33 ಗ್ರಾಂ. ಕಲ್ಲನ್ನೂ ಅರಗನ್ನೂ ಚಿನ್ನದ ರೇಟಿಗೆ ಹಾಕಿ ಮಾರಿದ್ರು ಯಾರೋ ಪುಣ್ಯಾತ್ಮರು. ಟಚ್ ಮಿಷನ್ನಿಗೆ ಇಟ್ರೆ 22 ಕ್ಯಾರೆಟ್ ಕೂಡ ಬರಲಿಲ್ಲ. ಆ ಅಮ್ಮ ಮಾತೇ ಆಡಲಿಲ್ಲ, ತೆಗೆದಿಟ್ಟ ಕಲ್ಲುಗಳನ್ನ ಒಂದೊಂದಾಗಿ ಎಣಿಸಿ ಸೆರಗಿಗೆ ಕಟ್ಕೊಂಡ್ರು.

ಈಗ ಕಾಲ ಸ್ವಲ್ಪ ಸುಧಾರಿಸಿದೆ, 2021ರ ಜೂನ್‌ನಿಂದ ಹಾಲ್‌ಮಾರ್ಕ್ (ಶುದ್ಧತೆಯ ಮುದ್ರೆ) ಕಡ್ಡಾಯ ಮಾಡೋಕೆ ಶುರು ಮಾಡಿದ್ರು, 2023ರ ಏಪ್ರಿಲ್ 1ರಿಂದ ಎಚ್‌ಯುಐಡಿ, ಅಂದ್ರೆ ಪ್ರತಿ ಒಡವೆಗೂ ಬೇರೆ ಬೇರೆ ಇರೋ ಅಕ್ಷರ ಅಂಕಿ ಸೇರಿದ ಆರು ಸ್ಥಾನದ ನಂಬರ್, ಇಲ್ದೇ ಹಾಲ್‌ಮಾರ್ಕ್ ಒಡವೆ ಮಾರೋ ಹಂಗಿಲ್ಲ. ಬಿಐಎಸ್ ಕೇರ್ ಆ್ಯಪಲ್ಲಿ ಆ ನಂಬರ್ ಹಾಕಿ ಅಂಗಡೀಲೇ ನಿಂತು ಚೆಕ್ ಮಾಡಿ, ನಾಚ್ಕೋಬೇಡಿ. ಬಿಲ್ಲಲ್ಲಿ ಚಿನ್ನದ ತೂಕ ಬೇರೆ, ಕಲ್ಲಿನ ತೂಕ ಬೇರೆ ಬರೆಸ್ಕೊಳಿ.

ತುಮಕೂರಿನ_ಅಪ್ಪ

ಚಿಕ್ಕಪೇಟೆಯವ್ರೇ, ಇದನ್ನ ಅಮ್ಮನಿಗೆ ಓದಿ ಹೇಳ್ದೆ. ಸ್ವಲ್ಪ ಹೊತ್ತು ಸುಮ್ಮನಿದ್ರು. ಆಮೇಲೆ ಅವರು ಕೇಳಿದ್ದು, "ಸರಿ, ಆದ್ರೆ 2009ರಲ್ಲಿ ನಿಮ್ಮಪ್ಪನ್ನ ಆಸ್ಪತ್ರೆಗೆ ಸೇರಿಸಿದಾಗ ರಾತ್ರೋರಾತ್ರಿ ದುಡ್ಡು ಎಲ್ಲಿಂದ ಬಂತು?" ಅಂತ. ಅವರ ಅವಲಕ್ಕಿ ಸರ ಅಡ ಇಟ್ಟಿದ್ರು ಆಗ. ಅದಕ್ಕೆ ನನ್ನ ಹತ್ರ ಉತ್ತರ ಇಲ್ಲ.

ತೀರ್ಥಹಳ್ಳಿ_ಅಡಿಕೆ

ನಿಮ್ಮ ಅಮ್ಮನ ಮಾತಿಗೆ ಬೆಲೆ ಕೊಡಿ ಮಾರಾಯ್ರೆ. ಈ ಪರ್ಸೆಂಟ್ ಲೆಕ್ಕದಲ್ಲಿ ಬರದೇ ಇರೋದು ಅದೇ.

2019ರ ಮಳೆಗಾಲ ನಮ್ಮ ಕಡೆಯವರಿಗೆ ನೆನಪಿರ್ತದೆ. ಹಿಂದಿನ ವರ್ಷನೂ ವಿಪರೀತ ಮಳೆ, ಆ ವರ್ಷನೂ ಅಷ್ಟೇ, ಬೋರ್ಡೋ ಔಷಧಿ ಹೊಡೆಯೋಕೆ ಎರಡು ದಿನ ಬಿಡುವು ಸಿಗಲಿಲ್ಲ, ಕೊಳೆ ರೋಗ ಬಂದು ತೋಟದ ತುಂಬ ಎಳೆ ಅಡಿಕೆ ಉದುರಿ ಬಿದ್ದಿತ್ತು. ಕೆಲಸದವರಿಗೆ ಕೊಡೋಕೆ ಕೈಯಲ್ಲಿ ಏನೂ ಇಲ್ಲ. ಹೆಂಡತಿ ತಾನೇ ಬಳೆ ತೆಗೆದು ಕೊಟ್ಟಳು. ಸೊಸೈಟಿಗೆ ಹೋದೆ. ಅಲ್ಲಿ ಚಿನ್ನ ನೋಡೋರು ಕಪ್ಪು ಒರೆಗಲ್ಲು ಇಟ್ಕೊಂಡು ಕೂತಿರ್ತಾರೆ, ಬಳೆ ಉಜ್ಜಿ ಒಂದು ಹನಿ ಆ್ಯಸಿಡ್ ಬಿಟ್ರು, ಗೆರೆ ಹಾಗೇ ಉಳೀತು, ಸಣ್ಣ ತಕ್ಕಡೀಲಿ ತೂಗಿ ಚೀಟಿ ಬರೆದ್ರು. ಮುಕ್ಕಾಲು ಗಂಟೇಲಿ ದುಡ್ಡು ಎಣಿಸ್ಕೊಂಡು ಹೊರಗೆ ಬಂದೆ. ಸಿಬಿಲ್ ಸ್ಕೋರ್ ಕೇಳಲಿಲ್ಲ, ಜಾಮೀನು ಕೇಳಲಿಲ್ಲ, ಪಹಣಿ ಕೇಳಲಿಲ್ಲ. ಮುಂದಿನ ವರ್ಷ ರಾಶಿ ಅಡಿಕೆ ಕೊಟ್ಟ ಮೇಲೆ ಬಿಡಿಸ್ಕೊಂಡ್ವಿ, ಬಳೆ ಅದೇ ಬಳೆ, ಹೆಂಡತಿ ಕೈಲಿ ಈಗಲೂ ಉಂಟು.

ಷೇರಿದ್ರೆ ನಾನು ಮಾರೇ ಬಿಡ್ತಿದ್ದೆ, ಮಾರಿದ್ದು ಹೋಯ್ತು. ಚಿನ್ನ ಮಾರದೇನೇ ಕೆಲಸಕ್ಕೆ ಬರ್ತದೆ. ದೇಶವೇ 1991ರಲ್ಲಿ ಹಂಗೇ ಮಾಡ್ತಲ್ಲ, ಡಾಲರ್ ಖಾಲಿಯಾಗಿ ಸುಮಾರು 47 ಟನ್ ಚಿನ್ನ ಬ್ಯಾಂಕ್ ಆಫ್ ಇಂಗ್ಲೆಂಡಲ್ಲೂ ಬ್ಯಾಂಕ್ ಆಫ್ ಜಪಾನಲ್ಲೂ ಅಡ ಇಟ್ಟು 40 ಕೋಟಿ ಡಾಲರ್ ತಂದ್ರು. 2009ರಲ್ಲಿ ಅದೇ ರಿಸರ್ವ್ ಬ್ಯಾಂಕ್ ಐಎಂಎಫ್ ಹತ್ರ 200 ಟನ್ ಕೊಂಡುಕೊಂಡಿತು.

ಒಂದು ಎಚ್ಚರಿಕೆ ಮಾತ್ರ. ಅಡ ಇಟ್ಟು ಬಡ್ಡಿ ಕಟ್ಟದೆ ಬಿಟ್ರೆ ಹರಾಜು. ನಮ್ಮ ಪಕ್ಕದ ಮನೆಯವರ ಕಾಸಿನ ಸರ ಹಾಗೇ ಹೋಯ್ತು, ನೋಟಿಸ್ ಬಂದಿದ್ದು ಗೊತ್ತೇ ಆಗಲಿಲ್ಲ ಅಂತಾರೆ, ಮೂರು ತಲೆಮಾರಿನದ್ದು. 2025ರ ಜೂನಲ್ಲಿ ರಿಸರ್ವ್ ಬ್ಯಾಂಕ್ ಹೊಸ ನಿಯಮ ತಂದಿದೆ, 2026ರ ಏಪ್ರಿಲ್ 1ರಿಂದ ಎರಡೂವರೆ ಲಕ್ಷದವರೆಗಿನ ಸಾಲಕ್ಕೆ ಚಿನ್ನದ ಬೆಲೆಯ 85%ವರೆಗೆ, ಐದು ಲಕ್ಷದವರೆಗೆ 80%, ಅದರ ಮೇಲೆ 75%. ಸಾಲ ತೀರಿಸಿ ಏಳು ಕೆಲಸದ ದಿನದಲ್ಲಿ ಒಡವೆ ವಾಪಸ್ ಕೊಡದಿದ್ರೆ ದಿನಕ್ಕೆ 5,000 ಪರಿಹಾರ ಕೊಡ್ಬೇಕು. ಜಾಸ್ತಿ ಸಿಗ್ತದೆ ಅಂತ ಪೂರ್ತಿ ಎತ್ತಬೇಡಿ, ರೇಟ್ ಬಿದ್ರೆ ಕುತ್ತಿಗೆಗೆ ಬರ್ತದೆ.

ಬಂಗಾರಪೇಟೆ_ಲೋಕಲ್

ಈ ಥ್ರೆಡ್ ನೋಡಿ ಬರೀಲೇಬೇಕು ಅನ್ನಿಸ್ತು. ನಮ್ಮ ತಾತ ಕೆಜಿಎಫ್‌ನಲ್ಲಿ ಚಾಂಪಿಯನ್ ರೀಫ್ ಗಣೀಲಿ ಕೆಲಸ ಮಾಡಿದೋರು, ಮೂರು ಕಿಲೋಮೀಟರ್‌ಗಿಂತ ಆಳ. ಕೇಜಲ್ಲಿ (ಗಣಿಯ ಲಿಫ್ಟಲ್ಲಿ) ಇಳಿದು ಹೋದ್ರೆ ಕಲ್ಲೇ ಸುಡ್ತಿತ್ತು ಅಂತ ಹೇಳೋರು. 1902ರಲ್ಲಿ ಶಿವನಸಮುದ್ರದಿಂದ ಕರೆಂಟ್ ತಂದು ಕೊಟ್ಟಿದ್ದು ಈ ಗಣಿಗೆ, ಬೆಂಗಳೂರಿಗೆ ದೀಪ ಬಂದಿದ್ದು ಆಮೇಲೆ.

ಗಣಿ ಮುಚ್ಚಿದ್ದು 2001ರ ಫೆಬ್ರವರಿ 28. ತೆಗೆಯೋ ಖರ್ಚು ಚಿನ್ನದ ಬೆಲೆಗಿಂತ ಎಷ್ಟೋ ಜಾಸ್ತಿ ಆಗಿತ್ತು, ಇನ್ನು ಚಿನ್ನಕ್ಕೆ ಭವಿಷ್ಯ ಇಲ್ಲ ಅಂತ ಆಗ ತಿಳಿದೋರೇ ಹೇಳ್ತಿದ್ರು. ಆ ಟೈಮಲ್ಲಿ ಔನ್ಸಿಗೆ 260 ಡಾಲರ್ ಆಸುಪಾಸು. 1980ರ ಜನವರೀಲಿ 850 ಡಾಲರ್ ಮುಟ್ಟಿದ್ದು ಇಪ್ಪತ್ತು ವರ್ಷ ಇಳಿದು ಇಳಿದು ಅಲ್ಲಿಗೆ ಬಂದಿತ್ತು. ಬ್ರಿಟನ್ ಸರ್ಕಾರನೂ ಅದೇ ಹೊತ್ತಲ್ಲಿ, 1999ರಿಂದ 2002ರೊಳಗೆ, ತನ್ನ ಹತ್ರ ಇದ್ದ ಸುಮಾರು 395 ಟನ್ ಮಾರಿಬಿಡ್ತು. ಗಣಿ ಮುಚ್ಚಿ ಒಂದೆರಡು ತಿಂಗಳಿಗೆ ರೇಟು ತಳ ಮುಟ್ಟಿ ತಿರುಗಿದ್ದು ಆ ಬೆಲೆಗೆ ಮತ್ತೆ ಯಾವತ್ತೂ ಬರಲಿಲ್ಲ, 2025ರ ಅಕ್ಟೋಬರ್‌ನಲ್ಲಿ 4,000 ಡಾಲರ್ ದಾಟಿತು. ನಮ್ಮೂರಿನವರು ಬೆಳಿಗ್ಗೆ ಟ್ರೈನ್ ಹತ್ತಿ ಬೆಂಗಳೂರಿಗೆ ಕೂಲಿಗೆ ಹೋಗ್ತಾ ಅದೇ ಸುದ್ದಿ ಪೇಪರಲ್ಲಿ ಓದಿದ್ರು.

ಯಾಕೆ ಹೇಳ್ದೆ ಅಂದ್ರೆ, ಗಣಿ ನಡೆಸೋರಿಗೆ, ಬ್ರಿಟನ್ ಖಜಾನೆಗೆ ಗೊತ್ತಾಗದ ತಳ ನಮಗೆ ನಿಮಗೆ ಗೊತ್ತಾಗುತ್ತಾ? ಈಗ ಏರುತ್ತೆ ಅನ್ನೋ ಜೋರಲ್ಲಿ ಇರೋದೆಲ್ಲ ಚಿನ್ನಕ್ಕೆ ಹಾಕೋದೂ ಬೇಡ, ಇನ್ನು ಬೀಳುತ್ತೆ ಅಂತ ಪೂರ್ತಿ ಬಿಡೋದೂ ಬೇಡ. ಸ್ವಲ್ಪ ಸ್ವಲ್ಪ, ಪ್ರತಿ ತಿಂಗಳು.

ಸೈಟ್_ತಗೊಂಡೋನು

ಭಾವನ ಸೈಟ್ ಬಗ್ಗೆ ನಾನು ಹೇಳ್ತೀನಿ. ನಂದೂ ಹೆದ್ದಾರಿ ಪಕ್ಕದ ಸೈಟೇ. ರೇಟು ಏರಿದೆ ಅಂತ ಎಲ್ರೂ ಹೇಳ್ತಾರೆ, ಕೊಳ್ಳೋಕೆ ಬರೋರು ಮಾತ್ರ ಇಲ್ಲ. ಹೋದ ಸಲ ಅಪ್ಪನ ಚಿಕಿತ್ಸೆಗೆ ಮಾರೋಕೆ ಹೊರಟಾಗ ಹದಿನಾಲ್ಕು ತಿಂಗಳು ಹಿಡೀತು, ಬಂದೋರೆಲ್ಲ ಇಸಿ ಕೊಡಿ, ಇ-ಖಾತಾ ಕೊಡಿ, ಕನ್ವರ್ಷನ್ ಆರ್ಡರ್ ಕೊಡಿ ಅಂತ ಕೇಳಿ ಹೋಗೋರೇ. ಸೈಟಿನ ಒಂದು ಮೂಲೆ ಮಾತ್ರ ಕತ್ತರಿಸಿ ಮಾರೋಕಾಗಲ್ಲ. ಮೇಲಾಗಿ 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ 1%ನಿಂದ 2% ಆಯ್ತು, ಸ್ಟ್ಯಾಂಪ್ ಡ್ಯೂಟಿ 5% ಬೇರೆ. ಮನೆ ಕಟ್ಟೋ ಉದ್ದೇಶ ಇದ್ರೆ ತಗೊಳಿ, ಹತ್ತು ಸಾವಿರ ಹತ್ತು ಸಾವಿರ ಕೂಡಿಸೋರಿಗೆ ಅದು ದಾರಿ ಅಲ್ಲ.

ಒಬ್ಬಳೇ_ಅಮ್ಮ

ಇಲ್ಲಿ ಬಹುತೇಕ ಗಂಡಸರು ಬರೀತಿದೀರ ಅನ್ಸುತ್ತೆ, ಅದಕ್ಕೆ ಒಂದು ಮಾತು ಸೇರಿಸ್ತೀನಿ.

ನಾನು ಗಂಡನ ಮನೆಯಿಂದ ಹೊರಗೆ ಬಂದಾಗ ಮಗನಿಗೆ ಎರಡು ವರ್ಷ. ಮನೆ ಅವರ ಹೆಸರಲ್ಲಿತ್ತು, ಎಫ್‌ಡಿ ಅವರ ಹೆಸರಲ್ಲಿ, ನಾನೇ ದುಡಿದು ಹಾಕಿದ್ದ ಮ್ಯೂಚುವಲ್ ಫಂಡ್ ಕೂಡ ಅವರ ಖಾತೇಲಿ, ಯಾಕಂದ್ರೆ ತೆರಿಗೆ ಲೆಕ್ಕಕ್ಕೆ ಅದೇ ಅನುಕೂಲ ಅಂತ ಎಲ್ರೂ ಹೇಳಿದ್ರು. ನಾನು ಬಸ್ ಹತ್ತಿದಾಗ ನನ್ನ ಹತ್ರ ಇದ್ದಿದ್ದು ಮೈಮೇಲಿದ್ದ ಒಂದು ಸರ, ಎರಡು ಬಳೆ, ಜುಮುಕಿ. ಆರು ತಿಂಗಳ ಬಾಡಿಗೆ, ಅಡ್ವಾನ್ಸ್, ಮಗನ ಹಾಲು ಎಲ್ಲ ಆ ಎರಡು ಬಳೆಯಿಂದ ಆಯ್ತು. ಮಜೂರಿ ಹೋಯ್ತು, ತೂಕ ಕಳೆದ್ರು, ಅದೆಲ್ಲ ನಿಜ. ಆದ್ರೆ ಆ ದಿನ ಅದನ್ನ ಬಿಟ್ರೆ ನನ್ನದು ಅಂತ ಬೇರೇನೂ ಇರಲಿಲ್ಲ.

ಅಜ್ಜಿಯಂದಿರು ಒಡವೆ ಒಡವೆ ಅಂತ ಹಠ ಹಿಡಿಯೋದು ಆಸೆಗೆ ಅಂತ ತಿಳ್ಕೋಬೇಡಿ. ಅವರ ಕಾಲದಲ್ಲಿ ಹೆಣ್ಣಿಗೆ ಬ್ಯಾಂಕ್ ಪಾಸ್‌ಬುಕ್ ಇರಲಿಲ್ಲ, ಹೊಲದಲ್ಲಿ ಪಾಲಿರಲಿಲ್ಲ. ಸ್ತ್ರೀಧನ ಪೂರ್ತಿ ಹೆಂಡತಿಯದ್ದೇ, ಗಂಡನಿಗೆ ಅದರ ಮೇಲೆ ಹಕ್ಕಿಲ್ಲ ಅಂತ ಸುಪ್ರೀಂ ಕೋರ್ಟ್ 1985ರಲ್ಲೇ ಹೇಳಿದೆ, ಆದ್ರೂ ಲಾಕರ್ ಅತ್ತೆ ಹೆಸರಲ್ಲಿದ್ರೆ ಆ ತೀರ್ಪು ತಗೊಂಡು ಏನ್ ಮಾಡ್ತೀರ, ನನ್ನ ಮದುವೆಯ ಬಾಕಿ ಒಡವೆ ಇವತ್ತಿಗೂ ಅಲ್ಲೇ ಇದೆ.

ಅದಕ್ಕೇ ಕೇಳ್ಕೊಳ್ತೀನಿ, ಎಲ್ಲಿ ಹಾಕ್ತೀರ ಅನ್ನೋಷ್ಟೇ ಮುಖ್ಯ ಯಾರ ಹೆಸರಲ್ಲಿ ಹಾಕ್ತೀರ ಅನ್ನೋದು. ಸುಕನ್ಯಾ ಖಾತೆಯಲ್ಲಿ ನಂಗೆ ಇಷ್ಟ ಆಗೋದು ಅದೇ, ಹದಿನೆಂಟಕ್ಕೆ ಹುಡುಗೀನೇ ಖಾತೆ ನಡೆಸ್ತಾಳೆ. ನಿಮ್ಮ ಹೆಂಡ್ತಿ ಹೇಳಿದ್ದು ಸರಿಯಾಗೇ ಇದೆ.

ತುಮಕೂರಿನ_ಅಪ್ಪ

ಅಕ್ಕಾ, ನಿಮ್ಮ ಮಾತು ಮನಸ್ಸಿಗೆ ನಾಟ್ತು. ನನ್ನ ಹೆಂಡ್ತಿ ಓದಿ ನಿಮಗೆ ನಮಸ್ಕಾರ ಹೇಳು ಅಂದ್ಲು. ನಿಜ ಹೇಳ್ಬೇಕಂದ್ರೆ ನಮ್ಮನೇಲೂ ಎಲ್ಲ ನನ್ನ ಹೆಸರಲ್ಲೇ ಇದೆ, ಬೇಕು ಅಂತ ಮಾಡಿದ್ದಲ್ಲ, ಹಂಗೇ ಆಗ್ಹೋಗಿದೆ. ಸರಿ ಮಾಡ್ತೀನಿ.

ಇನ್ನೊಂದು ಪ್ರಶ್ನೆ. ಮೊಬೈಲಲ್ಲಿ ನೂರು ರೂಪಾಯಿಗೂ ಡಿಜಿಟಲ್ ಚಿನ್ನ ಸಿಗುತ್ತಲ್ಲ, ಅದು ಹೆಂಗೆ? ಬಾಂಡ್ ಅಂತನೂ ಕೇಳಿದ್ದೆ.

ಇಂಡೆಕ್ಸ್_ನಂಬಿದವ

ಡಿಜಿಟಲ್ ಚಿನ್ನ ಸೆಬಿ, ಅಂದ್ರೆ ಷೇರು ಮಾರುಕಟ್ಟೆ ನೋಡ್ಕೊಳ್ಳೋ ಸರ್ಕಾರಿ ಸಂಸ್ಥೆ, ಅದರ ಕೆಳಗೆ ಬರಲ್ಲ. 2025ರ ನವೆಂಬರ್‌ನಲ್ಲಿ ಸೆಬಿಯೇ ಜನರಿಗೆ ಎಚ್ಚರಿಕೆ ಕೊಟ್ಟಿದೆ, ಕಂಪನಿ ಕೈಕೊಡೋ ಅಪಾಯ ಇದೆ, ಸೆಬಿಯ ರಕ್ಷಣೆ ಇದಕ್ಕೆ ಸಿಗಲ್ಲ ಅಂತ. ಕೊಳ್ಳುವಾಗ 3% ಜಿಎಸ್‌ಟಿ, ಮಾರುವಾಗ ರೇಟಲ್ಲಿ ಇನ್ನೊಂದಷ್ಟು ವ್ಯತ್ಯಾಸ. ಇಪ್ಪತ್ತು ವರ್ಷಕ್ಕೆ ಅದನ್ನ ನಂಬಬೇಡಿ.

ಬಾಂಡ್, ಅಂದ್ರೆ ಚಿನ್ನದ ರೇಟಿಗೆ ಸರ್ಕಾರ ಕೊಡ್ತಿದ್ದ ಪತ್ರ, ನಿಜಕ್ಕೂ ಬಂಗಾರದಂಥದ್ದು. ಮೊದಲ ಕಂತು 2015ರ ನವೆಂಬರ್‌ನಲ್ಲಿ ಗ್ರಾಂಗೆ 2,684ಕ್ಕೆ ಬಂತು, 2023ರ ನವೆಂಬರ್‌ನಲ್ಲಿ ಗ್ರಾಂಗೆ 6,132 ಕೊಟ್ರು. ಮಧ್ಯೆ ವರ್ಷಕ್ಕೆ 2.75% ಬಡ್ಡಿ. ಎಲ್ಲ ಸೇರಿ ವರ್ಷಕ್ಕೆ 13%ಗೆ ಹತ್ತಿರ, ಮಜೂರಿ ಇಲ್ಲ, ಲಾಕರ್ ಬಾಡಿಗೆ ಇಲ್ಲ, ಕೊನೇಲಿ ಲಾಭಕ್ಕೆ ತೆರಿಗೆನೂ ಇರಲಿಲ್ಲ. ಅದೇ ಎಂಟು ವರ್ಷ ಸೆನ್ಸೆಕ್ಸ್ 26,000ದಿಂದ 67,000ಕ್ಕೆ ಹೋಯ್ತು, ಅದೂ ಹತ್ರ ಹತ್ರ ಅಷ್ಟೇ. ಆದ್ರೆ ಚಿನ್ನ ಏರಿದಷ್ಟೂ ಸರ್ಕಾರಕ್ಕೆ ಕೊಡೋ ಭಾರ ಜಾಸ್ತಿ ಆಯ್ತು, 2024ರ ಫೆಬ್ರವರಿ ಆದ ಮೇಲೆ ಹೊಸ ಕಂತು ಬಿಟ್ಟಿಲ್ಲ.

ಈಗ ಉಳಿದಿರೋದು ಇಟಿಎಫ್, ಅಂದ್ರೆ ಷೇರಿನ ಥರ ಕೊಂಡು ಮಾರೋ ಚಿನ್ನದ ಫಂಡ್. ನಮ್ಮಲ್ಲಿ 2007ರಿಂದ ಇದೆ, ಸೆಬಿ ಕಣ್ಣಳತೇಲಿ, ನಿಜವಾದ ಚಿನ್ನ ವಾಲ್ಟಲ್ಲಿ ಇಟ್ಟಿರ್ತಾರೆ. ಒಂದು ವರ್ಷ ದಾಟಿ ಮಾರಿದ್ರೆ ಲಾಭದ ಮೇಲೆ 12.5% ತೆರಿಗೆ. ಫಂಡಿನವರು ವರ್ಷಕ್ಕೆ ಹಿಡಿಯೋ ಖರ್ಚು ಕಮ್ಮಿ ಇರೋದನ್ನ ನೋಡಿ ತಗೊಳಿ. ಆದ್ರೆ ತೀರ್ಥಹಳ್ಳಿಯವರು ಹೇಳಿದ ಹಂಗೆ ಮುಕ್ಕಾಲು ಗಂಟೇಲಿ ಸೊಸೈಟೀಲಿ ಅಡ ಇಡೋಕೆ ಇಟಿಎಫ್ ಆಗಲ್ಲ, ಅದನ್ನ ಒಪ್ಕೋತೀನಿ. ಇಷ್ಟು ದಿನ ನಾನು ಅದನ್ನ ಲೆಕ್ಕಕ್ಕೇ ಹಿಡಿದಿರಲಿಲ್ಲ.

ಕುಡ್ಲ_ಟು_ಶಾರ್ಜಾ

ನಾನು ಶಾರ್ಜಾದಲ್ಲಿರುವುದು, ಊರು ಮಂಗಳೂರು. ನಮ್ಮಲ್ಲಿ ಪವನ್ ಲೆಕ್ಕ, ಎಂಟು ಗ್ರಾಂಗೆ ಒಂದು ಪವನ್. ಊರಿಗೆ ಹೋಗುವಾಗ ದುಬೈ ಚಿನ್ನ ತನ್ನಿ ಅಂತ ಎಲ್ಲರೂ ಹೇಳುದು, ಮೊದಲು ಲಾಭ ಇತ್ತು ಮಾರ್ರೆ. 2024ರ ಜುಲೈ ಬಜೆಟ್‌ನಲ್ಲಿ ಕಸ್ಟಮ್ಸ್ ಡ್ಯೂಟಿ 15%ನಿಂದ 6%ಗೆ ಇಳಿಸಿದ ಮೇಲೆ ಅಂಥ ವ್ಯತ್ಯಾಸ ಎಂತ ಇಲ್ಲ, ಇಲ್ಲಿಯೂ 5% ವ್ಯಾಟ್ ಉಂಟು. ಆ ಬಜೆಟ್ ದಿನ ಬೇರೆ ವಿಷಯ ಕಲಿತೆ. ಅದರ ಹಿಂದಿನ ವಾರ ತಮ್ಮ ಊರಿನಲ್ಲಿ ಐದು ಪವನ್ ಕೊಂಡಿದ್ದ, ಒಂದು ಸಹಿಗೆ ಬೆಲೆ ದಡಕ್ಕನೆ ಇಳೀತು. ಅಂದರೆ ನಮ್ಮ ಚಿನ್ನದ ಬೆಲೆಯಲ್ಲಿ ಮೂರು ಸೇರಿರ್ತದೆ: ಲೋಕದ ಬೆಲೆ, ಡಾಲರ್ ಬೆಲೆ, ಸರ್ಕಾರದ ತೆರಿಗೆ. 2000ದಲ್ಲಿ ಡಾಲರ್ 45 ರೂಪಾಯಿ ಹತ್ತಿರ ಇತ್ತು, 2025ರಲ್ಲಿ 85 ದಾಟಿತು. ಚಿನ್ನ ಏರಿತು ಅಂತ ನಾವು ಹೇಳುವುದರಲ್ಲಿ ರೂಪಾಯಿ ಇಳಿದದ್ದೂ ಸೇರಿ ಉಂಟು.

ಈಗಿನ ಓಟಕ್ಕೆ ಕಾರಣ ಬೇರೆ. 2022ರಲ್ಲಿ ರಷ್ಯಾದ ಸುಮಾರು 300 ಬಿಲಿಯನ್ ಡಾಲರ್ ಮೀಸಲು ಹಣ ತಡೆಹಿಡಿದ ಮೇಲೆ ದೇಶದೇಶದ ಕೇಂದ್ರ ಬ್ಯಾಂಕುಗಳು ಹೆದರಿ 2022, 2023, 2024 ಮೂರೂ ವರ್ಷ ಸಾವಿರ ಟನ್‌ಗಿಂತ ಹೆಚ್ಚು ಚಿನ್ನ ಕೊಂಡಿದ್ದಾರೆ. ಅವರು ಯಾವಾಗ ನಿಲ್ಲಿಸ್ತಾರೆ ಅಂತ ಯಾರು ಹೇಳುದು?

ಗದಗಿನ_ಮಾಸ್ತರ

ಹಂಗಾದ್ರ ತುಮಕೂರಿನವರ, ಏನ್ ನಿರ್ಧಾರ ಮಾಡಿದ್ರಿ? ನಮಗೂ ಹೇಳ್ರಿ, ನಮ್ಮ ಮೊಮ್ಮಗಳಿಗೂ ಈಗ ಮೂರು ವರ್ಷ.

ತುಮಕೂರಿನ_ಅಪ್ಪ

ಭಾನುವಾರ ಊಟ ಆದ್ಮೇಲೆ ಮೂರೂ ಜನ ಕೂತು ಈ ಥ್ರೆಡ್ಡನ್ನ ಮೊದಲಿಂದ ಓದಿದ್ವಿ. ಹತ್ತು ಸಾವಿರದಲ್ಲಿ ನಾಲ್ಕು ಸಾವಿರ ಸುಕನ್ಯಾಗೆ, 2024ರ ಜನವರಿಯಿಂದ 8.2% ಇಟ್ಟಿದಾರೆ, ಮುಂದೆ ಹೆಚ್ಚುಕಮ್ಮಿ ಆಗ್ಬಹುದು, ಆದ್ರೂ ತೆರಿಗೆ ಇಲ್ಲ, ಓದಿಗೆ ಹದಿನೆಂಟಕ್ಕೆ ಅರ್ಧ ತೆಗೀಬಹುದು. ಹದಿನೈದು ವರ್ಷ ಕಟ್ಟಿದ್ರೆ ಸಾಕು. ನಾಲ್ಕು ಸಾವಿರ ಇಂಡೆಕ್ಸ್ ಫಂಡ್, ಇದು ಹೆಂಡ್ತಿ ಹೆಸರಲ್ಲಿ ಹೊಸ ಖಾತೆ ಮಾಡಿ. ಉಳಿದ ಎರಡು ಸಾವಿರ ಚಿನ್ನಕ್ಕೆ. ಮಾಸ್ತರು ಹೇಳಿದ್ದು ಮರೆತಿಲ್ಲ, ಮಗಳಿಗೆ ಹದಿನಾರಾದಾಗಿಂದ ಷೇರೂ ಚಿನ್ನವೂ ಯಾವ್ದು ಚೆನ್ನಾಗಿ ಏರಿರುತ್ತೋ ಅದ್ರಲ್ಲಿ ಸ್ವಲ್ಪ ಸ್ವಲ್ಪ ತೆಗೆದು ಎಫ್‌ಡಿಗೆ ಹಾಕ್ತಾ ಬರ್ತೀವಿ, ಒಂದೇ ದಿನದ ರೇಟಿಗೆ ಸಿಕ್ಕಿಹಾಕ್ಕೊಳ್ಳೋದು ಬೇಡ ಅಂತ. ಭಾವನಿಗೆ ಸೈಟ್ ಬೇಡ ಅಂತ ಹೇಳಿದ್ದಾಯ್ತು, ಸ್ವಲ್ಪ ಬೇಜಾರಾದ್ರು.

ಚಿನ್ನದ ಭಾಗದಲ್ಲಿ ಇಟಿಎಫಾ ಕಾಯಿನ್ನಾ ಅನ್ನೋದೊಂದು ಉಳಿದಿತ್ತು. ಅಮ್ಮ ಎದ್ದು ಒಳಗೆ ಹೋಗಿ ಆ ಅವಲಕ್ಕಿ ಸರ ತಂದು ನನ್ನ ಹೆಂಡ್ತಿ ಕೈಲಿ ಇಟ್ರು. "ಆಪತ್ತಿಗೆ ಇದಿರ್ಲಿ, ನಿನ್ನ ಹತ್ರಾನೇ ಇರ್ಲಿ, ನೀವು ಆ ಇಟಿಎಫ್ಫೇ ತಗೊಳಿ" ಅಂದ್ರು. ಅಪ್ಪ ಹುಷಾರಾಗಿ ಮನೆಗೆ ಬಂದ ಮೇಲೆ ಬಿಡಿಸ್ಕೊಂಡಿದ್ದ ಸರ ಅದು. ಅಡದ ಹಳೇ ಚೀಟೀನೂ ಅದ್ರ ಜೊತೇಲೇ ಡಬ್ಬೀಲಿತ್ತು.

ಚಿಕ್ಕಪೇಟೆ_ಕೆಲಸಗಾರ

ಅಣ್ಣಾ, ಆ ಸರ ಹಳೇದು, ಹಾಲ್‌ಮಾರ್ಕ್ ಇರಲ್ಲ. ಕರಗಿಸಿ ಹೊಸದು ಮಾಡ್ಸಿ ಅಂತ ಯಾರಾದ್ರೂ ಹೇಳಿದ್ರೆ ಕೇಳಬೇಡಿ. ಅದನ್ನ ಹಂಗೇ ತಗೊಂಡು ಹೋಗಿ ಬಿಐಎಸ್ ಮಾನ್ಯತೆ ಇರೋ ಹಾಲ್‌ಮಾರ್ಕಿಂಗ್ ಸೆಂಟರಲ್ಲಿ ಟೆಸ್ಟ್ ಮಾಡ್ಸಿ, ಸ್ವಲ್ಪ ಫೀಸು ಅಷ್ಟೇ, ಎಷ್ಟು ಕ್ಯಾರೆಟ್ ಅಂತ ಬರೆದು ಕೊಡ್ತಾರೆ. ಆ ಪೇಪರನ್ನ ಚೀಟಿ ಜೊತೆ ಅದೇ ಡಬ್ಬೀಲಿಡಿ. ಕೊಂಡಿ ಸವೆದಿದೆಯಾ ನೋಡಿ, ಅವಲಕ್ಕಿ ಸರದಲ್ಲಿ ಮೊದ್ಲು ಹೋಗೋದು ಕೊಂಡೀನೇ. ಬೆಂಗಳೂರಿಗೆ ಬಂದ್ರೆ ತನ್ನಿ, ಬೆಸುಗೆ ನಾನೇ ಹಾಕಿಕೊಡ್ತೀನಿ.